ಹಾರೆರಡ್ಲ ಅನ್ನೆರಡು

ನಾಲ್ಕನೇ ಕ್ಲಾಸಿನಲ್ಲಿ ನನಗೆ ಮಗ್ಗಿ ಬರುತ್ತಿತ್ತು, ಹಕಾರ ಬರುತ್ತಿರಲಿಲ್ಲ. ನನಗೊಬ್ಬನಿಗೇ ಅಲ್ಲ, ಇಡೀ ಕ್ಲಾಸಿಗೆ. ಮಂಡ್ಯದಿಂದ ಒಳಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದೂರದ ನಮ್ಮೂರಲ್ಲಿ ಹಾಲು ಆಲಾಗಿತ್ತು, ಹಳ್ಳಿ ಅಳ್ಳಿಯಾಗಿತ್ತು, ಹಾಸನದ ಬಸ್ಸು ಆಸನಕ್ಕೆ ಓಗುತ್ತಿತ್ತು. ಇದು ತಪ್ಪು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಗೊತ್ತು ಮಾಡಿಸಿದವರು ಧಾರವಾಡದ ಕಡೆಯಿಂದ ವರ್ಗವಾಗಿ ಬಂದ ಮೇಷ್ಟ್ರು.

ಹೊಡೆಯುವವರಲ್ಲ ಅವರು. ನೋಟ್‌ಬುಕ್ಕಿನ ಹಾಳೆಯಿಂದ ಬೆರಳಗಲದ ಚೀಟಿ ಹರಿದು, ನಮ್ಮ ತುಟಿಯ ಮುಂದೆ ಎರಡು ಬೆರಳು ದೂರದಲ್ಲಿ ತೂಗುಬಿಡುತ್ತಿದ್ದರು. "ಹಾಲು ಅನ್ನಲೇ." "ಆಲು." ಚೀಟಿ ಅಲುಗುತ್ತಿರಲಿಲ್ಲ. "ಉಸುರು ಬಿಡಲೇ ಮಗನ, ಎಲ್ಲಿ ಹೋತು ನಿನ್ನ ಹಕಾರ?" ಮತ್ತೆ "ಆಲು". ಹಿಂದಿನ ಬೆಂಚಿನವನೊಬ್ಬ ಜಾಣ, "ಆಲು" ಅಂದು ಕೊನೆಗೆ ಮೆಲ್ಲಗೆ ಉಫ್ ಎಂದು ಊದಿ ಚೀಟಿ ಹಾರಿಸಿದ. ಅವನಿಗೆ ಮಾತ್ರ ಎರಡು ಬಿತ್ತು.

ನಾನು ಮನೆಗೆ ಬಂದು ಸೀಮೆಎಣ್ಣೆ ಬುಡ್ಡಿಯ ಮುಂದೆ ಕೂತು ಹಾ, ಹಾ ಎಂದು ಸಾಧನೆ ಮಾಡಿದೆ. ಜ್ವಾಲೆ ಬಾಗಿದರೆ ಹಕಾರ ಬಂತು ಅಂತ ಲೆಕ್ಕ. ಅವ್ವ ಒಲೆಯ ಹತ್ತಿರದಿಂದ ಕೂಗಿದಳು: "ಇದ್ಯಾಕ್ಲಾ ಇಂಗ್ ಏದುಸ್ರು ಬಿಡ್ತಿದ್ದೀಯೆ, ದೆವ್ವಗಿವ್ವ ಮೆಟ್ಕತಾ? ಬುಡ್ಡಿ ಆರೋಯ್ತದೆ, ಸುಮ್ಕಿರು." ನಾನು ಸುಮ್ಮನಿರಲಿಲ್ಲ. ವಾರದಲ್ಲಿ ಹಕಾರ ಬಂತು. ಬಂದ ಮೇಲೆ ಎಲ್ಲಿ ಇಡಬೇಕು ಅಂತ ಗೊತ್ತಾಗಲಿಲ್ಲ ಅಷ್ಟೇ. ಆರರ ಮಗ್ಗಿ ಹೇಳಲು ನಿಲ್ಲಿಸಿದಾಗ ಎದೆ ತುಂಬ ಉಸಿರೆಳೆದುಕೊಂಡು ಶುರು ಮಾಡಿದೆ: "ಹಾರೊಂದ್ಲ ಹಾರು, ಹಾರೆರಡ್ಲ ಅನ್ನೆರಡು, ಹಾರ್ಮೂರ್ಲ ಅದ್ನೆಂಟು." ಬೇಕಾದಲ್ಲಿ ಇಲ್ಲ, ಬೇಡದಲ್ಲಿ ಇದೆ. ಮೇಷ್ಟ್ರು ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಆ ವರ್ಷವಿಡೀ ನನ್ನ ಹೆಸರು "ಹಾರು". ನನ್ನನ್ನು ಕಂಡರೆ ಹುಡುಗರು ಕುಪ್ಪಳಿಸುತ್ತಿದ್ದರು.

ಈ ಕಥೆಯನ್ನು ನಾನು ಬಹಳ ವರ್ಷ ತಮಾಷೆಯಾಗಿಯೇ ಹೇಳಿಕೊಂಡು ಬಂದೆ. ತಮಾಷೆಯ ಆಚೆಗೂ ಅದರಲ್ಲಿ ಏನೋ ಇದೆ ಅನ್ನಿಸಿದ್ದು ಒಂದು ಇಂಗ್ಲಿಷ್ ಪದ ಸಿಕ್ಕಮೇಲೆ.

ನಾನೀಗ ಬೆಂಗಳೂರಿನಲ್ಲಿ ಒಂದು ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ವಿದ್ಯಾರ್ಥಿಗಳು ಹಾಸ್ಟೆಲಿನಿಂದಲೋ ಊರಿನಿಂದಲೋ ಜರ್ನಲ್‌ಗಳನ್ನು ಓದಬೇಕಾದರೆ ಒಂದು ಲಾಗಿನ್ ದಾಟಿ ಬರಬೇಕು. ಒಂದು ಮಧ್ಯಾಹ್ನ ಬಾಗಲಕೋಟೆ ಕಡೆಯ ಎಂ.ಎ. ಹುಡುಗ ಲ್ಯಾಪ್‌ಟಾಪ್ ತೆರೆದುಕೊಂಡೇ ಕೌಂಟರಿಗೆ ಬಂದ. "ಸರ, ಇಲ್ಲಿ ಸಿಬ್ಬೊಲೆತ್ ಅಂತ ಏನೋ ಬರಾಕತ್ತೈತ್ರಿ. ಒತ್ಲೋ ಬ್ಯಾಡೋ?" ಒತ್ತಪ್ಪ, ನಮ್ಮ ಪಾಸ್‌ವರ್ಡೇ ಹಾಕು ಅಂದೆ. ತೆರೆದುಕೊಂಡಿತು. ಅವನು ಹೋದ. ಆ ಪದವನ್ನು ನಾನೂ ವರ್ಷಗಟ್ಟಲೆ ನೋಡಿದ್ದೆ, ಯಾವುದೋ ಕಂಪನಿಯ ಹೆಸರಿರಬೇಕು ಅಂದುಕೊಂಡು ಬಿಟ್ಟಿದ್ದೆ. ಅವತ್ತು ಕೌಂಟರಿನಲ್ಲಿ ಜನ ಇರಲಿಲ್ಲ. ನಿಘಂಟು ಪಕ್ಕದ ಕಪಾಟಿನಲ್ಲೇ ಇತ್ತು.

ಶಿಬ್ಬೊಲೆತ್. ನಾಮಪದ. ಹೀಬ್ರೂ ಮೂಲದ್ದು. ಅರ್ಥ: ಧಾನ್ಯದ ತೆನೆ. ಹರಿಯುವ ಹೊಳೆ ಎಂಬ ಇನ್ನೊಂದು ಅರ್ಥವೂ ಉಂಟು. ತೆನೆಗೂ ಲಾಗಿನ್ನಿಗೂ ಏನು ಸಂಬಂಧ ಅಂತ ಹುಡುಕಿದರೆ ದಾರಿ ಬೈಬಲಿಗೆ ಹೋಯಿತು. ಕನ್ನಡ ಬೈಬಲಿನಲ್ಲಿ 'ನ್ಯಾಯಸ್ಥಾಪಕರು' ಎಂಬ ಹೆಸರಿನ ಭಾಗ, 12ನೇ ಅಧ್ಯಾಯ.

ಕಥೆ ಚಿಕ್ಕದು. ಗಿಲ್ಯಾದ್ ಸೀಮೆಯ ಯೆಫ್ತಾಹ ಎಂಬ ನಾಯಕ ಅಮ್ಮೋನಿಯರ ಮೇಲೆ ಯುದ್ಧ ಗೆದ್ದು ಬಂದಿದ್ದಾನೆ. (ಗೆದ್ದರೆ ಮನೆಯಿಂದ ಮೊದಲು ಎದುರು ಬಂದವರನ್ನು ಬಲಿ ಕೊಡುತ್ತೇನೆಂದು ಹರಕೆ ಹೊತ್ತು, ಎದುರು ಬಂದ ಒಬ್ಬಳೇ ಮಗಳನ್ನು ಕಂಡು ಬಟ್ಟೆ ಹರಿದುಕೊಂಡವನು ಇವನೇ. ಮಾತಿನಿಂದ ಸಾಯುವುದು, ಸಾಯಿಸುವುದು ಈ ಮನುಷ್ಯನ ಬೆನ್ನಿಗೇ ಬಿದ್ದಿತ್ತು.) ಯೊರ್ದನ್ ಹೊಳೆಯಾಚೆಯ ಎಫ್ರಾಯೀಮ್ ಕುಲದವರು ಜಗಳಕ್ಕೆ ಬರುತ್ತಾರೆ: ಯುದ್ಧಕ್ಕೆ ನಮ್ಮನ್ನೇಕೆ ಕರೆಯಲಿಲ್ಲ, ನಿನ್ನನ್ನೂ ನಿನ್ನ ಮನೆಯನ್ನೂ ಸುಡುತ್ತೇವೆ ಎಂದು. ಇವರೂ ಇಸ್ರೇಲಿನ ಕುಲದವರೇ, ಅವರೂ ಅದೇ. ಕಾದಾಟದಲ್ಲಿ ಎಫ್ರಾಯೀಮರು ಸೋತು ಊರಿಗೆ ಓಡಲು ನೋಡುತ್ತಾರೆ. ಊರಿಗೆ ಹೋಗಬೇಕಾದರೆ ಹೊಳೆ ದಾಟಬೇಕು. ಹೊಳೆಯಲ್ಲಿ ಆಳವಿಲ್ಲದ, ಹಾಯ್ದು ಹೋಗಬಹುದಾದ ಜಾಗಗಳಲ್ಲೆಲ್ಲ ಗಿಲ್ಯಾದಿನವರು ಮೊದಲೇ ಹೋಗಿ ನಿಂತಿದ್ದಾರೆ.

ಬಂದವನನ್ನು ಕೇಳುತ್ತಾರೆ, ನೀನು ಎಫ್ರಾಯೀಮನೋ? ಅಲ್ಲ ಅನ್ನುತ್ತಾನೆ. ಹಾಗಾದರೆ ಶಿಬ್ಬೊಲೆತ್ ಅನ್ನು. ಅವನ ಬಾಯಿಂದ ಸಿಬ್ಬೊಲೆತ್ ಎಂದು ಬರುತ್ತದೆ. ಅವರ ಸೀಮೆಯಲ್ಲಿ ಆ ಶಕಾರ ಇರಲಿಲ್ಲ. ಅಲ್ಲೇ ಹಿಡಿದು ಕಡಿಯುತ್ತಾರೆ. ಹಾಗೆ ಸತ್ತವರು 42,000 ಮಂದಿ ಎನ್ನುತ್ತದೆ ಬೈಬಲು. ಹೀಬ್ರೂವಿನಲ್ಲಿ ಆ ವಾಕ್ಯವನ್ನು ಬರೆದವರು ಎರಡು ಉಚ್ಚಾರಕ್ಕೂ ಬೇರೆ ಬೇರೆ ಅಕ್ಷರ ಹಾಕಿದ್ದಾರೆ: ಸರಿಯಾಗಿ ಅಂದವರದಕ್ಕೆ ಶಿನ್, ತಪ್ಪಿದವರದಕ್ಕೆ ಸಾಮೆಖ್. ಸಾವಿರಾರು ವರ್ಷದ ಹಿಂದಿನ ಒಂದು ನಾಲಿಗೆಯ ತೊಡಕು ಹಾಗೇ ಕಾಗದದ ಮೇಲೆ ಉಳಿದುಕೊಂಡುಬಿಟ್ಟಿದೆ.

ಇಷ್ಟು ಓದಿ ಪುಸ್ತಕ ಮುಚ್ಚಿದಾಗಲೇ ಹೊಳೆದದ್ದು: ಮಧ್ಯಾಹ್ನ ಬಂದ ಹುಡುಗ ಅಂದದ್ದು "ಸಿಬ್ಬೊಲೆತ್" ಅಂತ.

ಅವನೇನು, ಕನ್ನಡ ನಾಡಿನ ಅರ್ಧ ಜನ ಆ ಹೊಳೆ ದಾಟುತ್ತಿರಲಿಲ್ಲ. ನಮ್ಮ ಮೇಷ್ಟ್ರನ್ನೇ ತಗೊಳ್ಳಿ. ಹಕಾರದಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಇನ್‌ಸ್ಪೆಕ್ಟರು ಬಂದಾಗ ಮಾತ್ರ ಅವರ ಬಾಯಲ್ಲಿ ಶಾಲೆ. ಉಳಿದ ದಿನ "ಸಾಲಿಗೆ ಯಾಕ ಬಂದಿಲ್ಲಲೇ ನಿನ್ನೆ?" ಹಾಗೆ ನೋಡಿದರೆ ಅಚ್ಚಗನ್ನಡಕ್ಕೆ ಇದ್ದದ್ದು ಒಂದೇ ಸಕಾರ, ಶ, ಷ ಎರಡೂ ಸಂಸ್ಕೃತದ ಜೊತೆ ಬಂದ ನೆಂಟರು. ಅದಕ್ಕೇ ಶರ್ಕರೆ ನಮ್ಮಲ್ಲಿ ಸಕ್ಕರೆಯಾಯಿತು, ಆಕಾಶ ಆಗಸವಾಯಿತು, ಶ್ರೀ ಸಿರಿಯಾಯಿತು. ಶ ಮತ್ತು ಷ ಎರಡನ್ನೂ ಬಿಡಿಸಿ ಉಚ್ಚರಿಸುವವರನ್ನು ನಾನು ಬೆರಳೆಣಿಕೆಯಷ್ಟೇ ಕೇಳಿದ್ದೇನೆ, ಅವರಲ್ಲೂ ಇಬ್ಬರು ಪುರೋಹಿತರು. ಇನ್ನು ಈ ಇಂಗ್ಲಿಷ್ ಪದದ ಕೊನೆಯ ಸದ್ದೋ, ನಮ್ಮ ತಕಾರವೂ ಅಲ್ಲ, ಥಕಾರವೂ ಅಲ್ಲ. ನಾಲಿಗೆಯ ತುದಿ ಹಲ್ಲಿನ ನಡುವೆ ಬರಬೇಕು. ಮೊದಲ ಅಕ್ಷರದಲ್ಲಿ ತಪ್ಪಿಸಿಕೊಂಡವನು ಕೊನೆಯ ಅಕ್ಷರದಲ್ಲಿ ಸಿಕ್ಕಿಬೀಳುವುದು ಖಂಡಿತ.

ಆ ಕಥೆಯಿಂದ ಪದ ಇಂಗ್ಲಿಷಿಗೆ ಬಂತು. 1671ರಲ್ಲಿ ಅಚ್ಚಾದ ಸ್ಯಾಮ್ಸನ್ನನ ಕಾವ್ಯನಾಟಕದಲ್ಲಿ ಇಂಗ್ಲಿಷ್ ಕವಿ ಮಿಲ್ಟನ್ ಈ ಪ್ರಸಂಗವನ್ನು ಎರಡೇ ಸಾಲಿನಲ್ಲಿ ನೆನೆಯುತ್ತಾನೆ, ಒಂದು ಪದ ನೆಟ್ಟಗೆ ಉಚ್ಚರಿಸದ ತಪ್ಪಿಗೆ ಮರಣದಂಡನೆ ಎಂದು. ಮೊದಲು ಅದರ ಅರ್ಥ ಉಚ್ಚಾರದ ಪರೀಕ್ಷೆ ಎಂದಷ್ಟೇ ಇತ್ತು. ಬರಬರುತ್ತಾ ಉಚ್ಚಾರ ಹೋಗಿ, ನಮ್ಮವರು ಯಾರು ಹೊರಗಿನವರು ಯಾರು ಎಂದು ತೋರಿಸುವ ಯಾವ ಗುರುತಾದರೂ ಶಿಬ್ಬೊಲೆತ್ ಆಯಿತು: ಉಡುಪು, ಊಟದ ರೀತಿ, ನಂಬಿಕೆ. ಈಗಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ಅದು ಕಾಣುವುದು ಇನ್ನೂ ಇಳಿದ ಅರ್ಥದಲ್ಲಿ. ಪಕ್ಷವೊಂದು ಅರ್ಥ ಯೋಚಿಸದೆ, ಒಳಗಿನವನು ಎಂದು ತೋರಿಸಿಕೊಳ್ಳಲಷ್ಟೇ ಹೇಳುವ ಸವಕಲು ಮಾತಿಗೆ ಶಿಬ್ಬೊಲೆತ್ ಎನ್ನುತ್ತಾರೆ. ಬಜೆಟ್ ಮೇಲಿನ ಸಂಪಾದಕೀಯದಲ್ಲಿ ಈ ಪದ ಬಂದರೆ ಹೊಳೆಯೂ ಇಲ್ಲ, ಕತ್ತಿಯೂ ಇಲ್ಲ.

ನಮ್ಮ ಲಾಗಿನ್ನಿನದು ಮಾತ್ರ ಹಳೆಯ ಅರ್ಥಕ್ಕೆ ಹತ್ತಿರ. ಅಮೆರಿಕದ ವಿಶ್ವವಿದ್ಯಾಲಯಗಳ ಇಂಟರ್‌ನೆಟ್2 ಕೂಟದವರು 2000ದಲ್ಲಿ ಕೈಹಚ್ಚಿ 2003ರಲ್ಲಿ ಹೊರತಂದ ತಂತ್ರಾಂಶ ಅದು. ನೀವು ಜರ್ನಲಿನ ಬಾಗಿಲಿಗೆ ಹೋದರೆ ಅವರು ನಿಮ್ಮ ಪಾಸ್‌ವರ್ಡ್ ಕೇಳುವುದಿಲ್ಲ, ನಿಮ್ಮ ಸಂಸ್ಥೆಯ ಬಾಗಿಲಿಗೇ ವಾಪಸು ಕಳಿಸುತ್ತಾರೆ. ಇಲ್ಲಿ ಪಾಸ್‌ವರ್ಡ್ ಹಾಕಿದರೆ ನಮ್ಮ ಸರ್ವರು "ಇವನು ನಮ್ಮವನೇ, ಒಳಗೆ ಬಿಡಿ" ಎಂದು ಒಂದು ಚೀಟಿ ಕೊಡುತ್ತದೆ. ಗುಜರಾತಿನ ಗಾಂಧಿನಗರದ ಗ್ರಂಥಾಲಯ ಜಾಲ ಕೇಂದ್ರ ಇನ್‌ಫ್ಲಿಬ್‌ನೆಟ್ ನಡೆಸುವ ಇನ್‌ಫೆಡ್ ಎಂಬ ಕೂಟದ ಮೂಲಕ ನಮ್ಮ ದೇಶದ ಕಾಲೇಜುಗಳಲ್ಲೂ ಇದೇ ವ್ಯವಸ್ಥೆ ಇದೆ. ಒಳ್ಳೆಯ ವ್ಯವಸ್ಥೆಯೇ. ಹೆಸರಿಟ್ಟವರಿಗೆ ಹಾಸ್ಯಪ್ರಜ್ಞೆ ಇತ್ತೋ ಅಥವಾ ಆ ಅಧ್ಯಾಯವನ್ನು ಕೊನೆಯವರೆಗೆ ಓದಿರಲಿಲ್ಲವೋ ಅನ್ನುವುದೊಂದೇ ನನ್ನ ಅನುಮಾನ.

ಏಕೆಂದರೆ ಆ ಅಧ್ಯಾಯ ಅಲ್ಲಿಗೆ ಮುಗಿದಿಲ್ಲ. ಸಿಸಿಲಿಯ ಪಲೆರ್ಮೊದಲ್ಲಿ 1282ರಲ್ಲಿ ಫ್ರೆಂಚರ ವಿರುದ್ಧ ದಂಗೆಯೆದ್ದವರು ಕಡಲೆಕಾಳು ತೋರಿಸಿ ಅದರ ಹೆಸರು ಹೇಳಿಸಿದರು ಎನ್ನುತ್ತಾರೆ; ಸಿಸಿಲಿಯವರ "ಚೀಚಿರಿ" ಫ್ರೆಂಚ್ ಬಾಯಿಗೆ ಬರುವುದಿಲ್ಲ. ಇಪ್ಪತ್ತು ವರ್ಷದ ನಂತರ ಈಗಿನ ಬೆಲ್ಜಿಯಂನ ಬ್ರೂಜ್ ಪಟ್ಟಣದಲ್ಲಿ ಮತ್ತೆ ಫ್ರೆಂಚರಿಗೇ, ಇನ್ನೊಂದು ಪದ. 1937ರಲ್ಲಿ ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿ ಟ್ರುಹಿಯೊನ ಸೈನಿಕರು ಗಡಿಯಲ್ಲಿ ಹೈತಿಯವರನ್ನು ಸಾವಿರಾರು ಸಂಖ್ಯೆಯಲ್ಲಿ ಕೊಂದರು. ಅದಕ್ಕೆ ಪಾರ್ಸ್ಲಿ ಹತ್ಯಾಕಾಂಡ ಎಂದೇ ಹೆಸರು. ಕೊತ್ತಂಬರಿಯಂಥ ಆ ಸೊಪ್ಪಿನ ಕಂತೆ ಹಿಡಿದು "ಇದೇನು?" ಎಂದು ಕೇಳುತ್ತಿದ್ದರಂತೆ. ಸ್ಪ್ಯಾನಿಷಿನ "ಪೆರೆಹಿಲ್" ಹೈತಿಯವರ ನಾಲಿಗೆಗೆ ಹೊರಳುವುದಿಲ್ಲ ಅಂತ. ಆ ಪರೀಕ್ಷೆ ನಿಜಕ್ಕೂ ಎಷ್ಟು ಕಡೆ ನಡೆಯಿತು ಎನ್ನುವುದರ ಬಗ್ಗೆ ಇತಿಹಾಸಕಾರರಲ್ಲಿ ವಾದ ಇದೆ. ಹೆಣಗಳ ಬಗ್ಗೆ ವಾದ ಇಲ್ಲ.

ಇವುಗಳ ಪೈಕಿ ನನ್ನನ್ನು ಬಿಡದೆ ಕಾಡಿದ್ದು ಎರಡು.

ಒಂದು ಜಪಾನಿನದು. 1923ರ ಸೆಪ್ಟೆಂಬರ್ 1ರಂದು ಟೋಕಿಯೊ ಸುತ್ತಮುತ್ತ ಭಾರಿ ಭೂಕಂಪ ಆಯಿತು. ಬೆಂಕಿ ಆರುವ ಮೊದಲೇ ಸುದ್ದಿ ಹಬ್ಬಿತು, ಕೊರಿಯಾದವರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂದು. ಊರೂರಲ್ಲಿ ಜನ ಬಿದಿರಿನ ಈಟಿ ಹಿಡಿದು ದಾರಿಗೆ ಅಡ್ಡ ನಿಂತರು. ಬಂದವರಿಗೆ "ಜೂಗೊ ಎನ್ ಗೊಜಿಸ್ಸೆನ್" ಅನ್ನಿ ಎಂದರು. ಹದಿನೈದು ಯೆನ್ ಐವತ್ತು ಸೆನ್. ಸಂತೆಯಲ್ಲಿ ದಿನಾ ಬಾಯಿಗೆ ಬರುವ ಲೆಕ್ಕ. ಕೊರಿಯನ್ ಮಾತಿನಲ್ಲಿ ಪದದ ಮೊದಲಿಗೆ ಜಕಾರ, ಗಕಾರ ನಿಲ್ಲುವುದಿಲ್ಲ, ಚಕಾರ, ಕಕಾರ ಆಗಿಬಿಡುತ್ತವೆ. ಸತ್ತವರು ಸಾವಿರಾರು. ಇಷ್ಟೇ ಆಗಿದ್ದರೆ ಇದೂ ಯೊರ್ದನ್ನಿನ ಕಥೆಯೇ. ಆದರೆ ಸೆಪ್ಟೆಂಬರ್ 6ರಂದು ಚಿಬಾ ಪ್ರಾಂತದ ಫುಕುದಾ ಹಳ್ಳಿಯಲ್ಲಿ, ದೂರದ ಕಗಾವಾದಿಂದ ಔಷಧಿ ಮಾರುತ್ತ ಬಂದಿದ್ದ ಒಂದು ಗುಂಪನ್ನು ಹಿಡಿದರು. ಜಪಾನೀಯರೇ. ಸೀಮೆಯ ಮಾತು ಬೇರೆ, ಅಷ್ಟೇ. ಇವರ ರಾಗ ಸರಿಯಿಲ್ಲ ಅಂದರು. ಒಂಬತ್ತು ಜನರನ್ನು ಕೊಂದರು, ಅವರಲ್ಲಿ ಮಕ್ಕಳೂ ಇದ್ದರು, ಒಬ್ಬಾಕೆ ಬಸುರಿ.

ಮಂಡ್ಯದ ತಳ್ಳುಗಾಡಿಯವನು ಬೀದರಿನಲ್ಲಿ ಸಿಕ್ಕಿಬಿದ್ದು, ನೀನು ಕನ್ನಡದವನಲ್ಲ ಎಂದು ಸತ್ತ ಹಾಗೆ. ಹೀಗೆ ಅಂದುಕೊಂಡು ನೋಡಿದಾಗಲೇ ನನಗೆ ಅದರ ಭಾರ ಗೊತ್ತಾದದ್ದು.

ಇನ್ನೊಂದು ಪಕ್ಕದ ಮನೆಯದೇ. 1983ರ ಜುಲೈಯಲ್ಲಿ ಕೊಲಂಬೊದಲ್ಲಿ ಗುಂಪುಗಳು ಬಸ್ಸು, ಕಾರು ನಿಲ್ಲಿಸಿ ತಮಿಳರನ್ನು ಹುಡುಕಿದವು. ನೋಡಲು ಎಲ್ಲರೂ ಒಂದೇ ಥರ. ಆಗ ಕೇಳುತ್ತಿದ್ದ ಮಾತುಗಳಲ್ಲಿ ಒಂದು ಬಕೆಟ್ಟಿನ ಹೆಸರು. ಸಿಂಹಳದಲ್ಲಿ "ಬಾಲ್ದಿಯ". ತಮಿಳು ಬಾಯಲ್ಲಿ ಅದು ವಕಾರಕ್ಕೆ ತಿರುಗುತ್ತಿತ್ತು. ಬಾಲ್ದಿ ಅಂದ ತಕ್ಷಣ ನನಗೆ ನೆನಪಾಗಿದ್ದು ಮಂಗಳೂರಿನ ನನ್ನ ಸಹೋದ್ಯೋಗಿ. ಇವತ್ತಿಗೂ ಅವರ ಮನೆಯ ಬಚ್ಚಲಲ್ಲಿ ಇರುವುದು ಬಾಲ್ದಿಯೇ, ಬಕೆಟ್ಟಲ್ಲ. ಪೋರ್ಚುಗೀಸರು ಹಡಗಿನಲ್ಲಿ ತಂದ ಒಂದೇ ಪದ ಗೋವೆಯ ದಾರಿಯಲ್ಲಿ ಕರಾವಳಿಗೂ ಬಂತು, ಲಂಕೆಗೂ ಹೋಯಿತು. ಇಲ್ಲಿ ನೀರು ಸೇದಲು. ಅಲ್ಲಿಯೂ ನೀರು ಸೇದಲೇ ಇತ್ತು, ಒಂದು ದಿನದವರೆಗೆ.

ತೆನೆ, ಕಡಲೆಕಾಳು, ಸೊಪ್ಪು, ಚಿಲ್ಲರೆ ದುಡ್ಡು, ಬಕೆಟ್ಟು. ಹೊಳೆ ಕಾಯುವವರು ಯಾವತ್ತೂ ದೊಡ್ಡ ಮಾತು ಕೇಳಿಲ್ಲ ನೋಡಿ. ದೇವರ ಹೆಸರು ಕೇಳಿದರೆ ಕಲಿತುಕೊಂಡು ಹೇಳಿಬಿಡಬಹುದು. ಅಡುಗೆಮನೆಯ ಪದ ಅವ್ವನ ಸೊಂಟದ ಮೇಲಿದ್ದಾಗ ಬಾಯಿಗೆ ಕೂತದ್ದು, ಅದು ಬದಲಾಗುವುದಿಲ್ಲ.

ಹಕಾರದ ವಿಷಯಕ್ಕೆ ಬರುತ್ತೇನೆ. ನಮ್ಮ ಮಂಡ್ಯ, ಮೈಸೂರು, ಚಾಮರಾಜನಗರದ ಕಡೆಯವರದೇ ಈ ಗ್ರಹಚಾರ ಅಂದುಕೊಂಡಿದ್ದೆ. ಅಲ್ಲವಂತೆ. ಉತ್ತರ ಐರ್ಲೆಂಡಿನಲ್ಲಿ ಇಂಗ್ಲಿಷಿನ ಎಂಟನೇ ಅಕ್ಷರವನ್ನು ಕ್ಯಾಥೊಲಿಕ್ ಮನೆಯವರು "ಹೆಚ್" ಎಂದೂ ಪ್ರಾಟೆಸ್ಟೆಂಟ್ ಮನೆಯವರು "ಎಚ್" ಎಂದೂ ಹೇಳುವುದು ರೂಢಿ. ಗಲಭೆಯ ದಶಕಗಳಲ್ಲಿ ಬೆಲ್‌ಫಾಸ್ಟಿನ ಬೀದಿಯಲ್ಲಿ ಯಾರಾದರೂ ಅಡ್ಡಹಾಕಿ "ಅಕ್ಷರಮಾಲೆ ಹೇಳು" ಅಂದರೆ ಅದು ಸ್ಕೂಲಿನ ಪಾಠವಲ್ಲ. ನಮ್ಮಲ್ಲಿ ಒಂದು ಪತ್ರಿಕೆ ಎಚ್.ಎಂ.ಟಿ. ಎಂದು ಬರೆಯುತ್ತದೆ, ಇನ್ನೊಂದು ಹೆಚ್.ಎಂ.ಟಿ. ಎಂದು ಬರೆಯುತ್ತದೆ. ಗಡಿಯಾರ ಎರಡರಲ್ಲೂ ಒಂದೇ ಹೊತ್ತು ತೋರಿಸುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ, ನನ್ನ ಆರರ ಮಗ್ಗಿಗೆ ಒಬ್ಬ ಜೊತೆಗಾರ ಸಿಕ್ಕ. ಹೆಸರು ಅರ್ರಿಯಸ್, ಊರು ರೋಮ್. ಕ್ರಿಸ್ತಪೂರ್ವ ಒಂದನೇ ಶತಮಾನದ ಕವಿ ಕತುಲ್ಲುಸ್ ಇವನ ಮೇಲೆ ಒಂದು ಪದ್ಯವನ್ನೇ ಬರೆದಿದ್ದಾನೆ. ದೊಡ್ಡವರ ಲ್ಯಾಟಿನ್ ಆಡಬೇಕೆಂಬ ಹಂಬಲದಲ್ಲಿ ಅರ್ರಿಯಸ್ ಇಲ್ಲದ ಕಡೆಯೆಲ್ಲ ಹಕಾರ ಹಾಕುತ್ತಿದ್ದನಂತೆ. "ಇನ್ಸಿದಿಯಸ್" ಅನ್ನುವುದಕ್ಕೆ "ಹಿನ್ಸಿದಿಯಸ್". ಅವನನ್ನು ಸಿರಿಯಾಕ್ಕೆ ಕಳಿಸಿದಾಗ ಊರಿನವರ ಕಿವಿಗೆ ಸ್ವಲ್ಪ ಆರಾಮವಾಯಿತು. ಅಷ್ಟರಲ್ಲಿ ಭಯಂಕರ ಸುದ್ದಿ ಬಂತು, ಅವನು ದಾಟಿಹೋದ ಮೇಲೆ ಅಯೋನಿಯನ್ ಸಮುದ್ರ ಹಯೋನಿಯನ್ ಸಮುದ್ರವಾಗಿಬಿಟ್ಟಿದೆ! ಎರಡು ಸಾವಿರ ವರ್ಷ ಕಳೆದರೂ ಹಾಸ್ಯ ಹಳಸಿಲ್ಲ. ನಮ್ಮ ನಾಟಕಗಳಲ್ಲಿ, ಟಿವಿಯಲ್ಲಿ ಹಳ್ಳಿಯವನು ಬಾಯಿ ತೆರೆದ ಕೂಡಲೇ ಬೀಳುವ ನಗು ಇದೇ. ನಾನೂ ಓದಿ ಜೋರಾಗಿ ನಕ್ಕೆ. ನಕ್ಕಮೇಲೆ ನೆನಪಾಯಿತು, ಕುಪ್ಪಳಿಸುತ್ತಿದ್ದ ಹುಡುಗರ ಸಾಲಿನಲ್ಲಿ ನಾನೀಗ ನಿಂತಿದ್ದೇನೆ.

ಅರ್ರಿಯಸ್‌ನಿಗೆ ಯಾರೂ ಆಸರೆಯಾಗಲಿಲ್ಲವೇ ಎಂದರೆ, ನಾನೂರು ಚಿಲ್ಲರೆ ವರ್ಷದ ಮೇಲೆ ಒಬ್ಬರು ಆದರು. ಉತ್ತರ ಆಫ್ರಿಕಾದ ಸಂತ ಅಗಸ್ಟೀನ್, ಕ್ರಿ.ಶ. 400ರ ಆಸುಪಾಸಿನಲ್ಲಿ ಬರೆದ ಆತ್ಮನಿವೇದನೆಯಲ್ಲಿ ತಮ್ಮ ಶಾಲೆಯ ದಿನಗಳನ್ನು ನೆನೆಯುತ್ತ ಒಂದು ಮಾತು ಹೇಳುತ್ತಾರೆ. ಲ್ಯಾಟಿನ್ನಿನಲ್ಲಿ ಮನುಷ್ಯ ಅನ್ನುವುದಕ್ಕೆ "ಹೋಮೊ". ಯಾರಾದರೂ ಆ ಹಕಾರ ನುಂಗಿ "ಓಮೊ" ಅಂದರೆ ಜನಕ್ಕೆ ಸಹಿಸಲಾಗುವುದಿಲ್ಲ, ಆದರೆ ಮನುಷ್ಯನಾಗಿ ಇನ್ನೊಬ್ಬ ಮನುಷ್ಯನನ್ನು ದ್ವೇಷಿಸಿದರೆ ಅಷ್ಟು ಬೇಸರವಾಗುವುದಿಲ್ಲ. ಇದನ್ನು ಓದಿದ ದಿನ ನಾನು ಕೌಂಟರಿನ ಹಿಂದೆ ಸುಮಾರು ಹೊತ್ತು ಹಾಗೇ ಕೂತಿದ್ದೆ.

ಕಾರಣ ಇದೆ. ಮೂರು ವರ್ಷದ ಹಿಂದೆ ಒಂದು ತಾತ್ಕಾಲಿಕ ಹುದ್ದೆಗೆ ಸಂದರ್ಶನ ಮಾಡುವಾಗ ಸಮಿತಿಯಲ್ಲಿ ನಾನೂ ಇದ್ದೆ. ಇಸ್ತ್ರಿ ಗೆರೆ ಕೂಡ ಮಾಸದ ಅಂಗಿ ಹಾಕಿಕೊಂಡು ಒಬ್ಬ ಹುಡುಗ ಬಂದ. ಅರ್ಜಿ ನೋಡಿದರೆ ನಮ್ಮದೇ ತಾಲ್ಲೂಕು. ಹಳೆಯ ಪುಸ್ತಕಗಳನ್ನು ಹೇಗೆ ಕಾಪಾಡುತ್ತೀರಿ ಅಂತ ಕೇಳಿದರು. ಒಳ್ಳೆಯ ಉತ್ತರವನ್ನೇ ಕೊಟ್ಟ. ತೇವ, ಗೆದ್ದಲು, ಬೇವಿನ ಸೊಪ್ಪು, ಎಲ್ಲ ಹೇಳಿದ. "ಅಳೆ ಪುಸ್ತಕ ಬಿಸಿಲಿಗೆ ಆಕಬಾರ್ದು ಸಾರ್, ಆಳೆ ಅರಿದೋಯ್ತವೆ." ನನ್ನ ಪಕ್ಕದವರು ಆ ಪಕ್ಕದವರನ್ನು ನೋಡಿ ತುಟಿಯಂಚಲ್ಲಿ ನಕ್ಕರು. ಇಬ್ಬರೂ ನನ್ನತ್ತ ನೋಡಿದರು. ನಾನೂ ನಕ್ಕೆ. ನಗದೆ ಇದ್ದಿದ್ದರೆ ನನ್ನೂರು ಯಾವುದು ಅಂತ ಗೊತ್ತಾಗಿಬಿಡುತ್ತಿತ್ತೇನೋ. ಹುಡುಗ ನಮ್ಮ ಮೂವರ ಮುಖವನ್ನೂ ನೋಡಿದ. ಕೊನೆಯ ಎರಡು ಪ್ರಶ್ನೆಗೆ ಅವನು ಹುಡುಕಿ ಹುಡುಕಿ, ಹಕಾರವಿಲ್ಲದ ಪದಗಳನ್ನೇ ಆರಿಸಿಕೊಂಡು ಉತ್ತರಿಸುತ್ತಿದ್ದ. ಅದು ನನಗೊಬ್ಬನಿಗೇ ಗೊತ್ತಾಗುವಂಥದ್ದು. ಆ ಆಟ ನಾನೂ ಆಡಿದವನು, ಮೈಸೂರಿನ ಹಾಸ್ಟೆಲಿನಲ್ಲಿ ಇಡೀ ಒಂದು ವರ್ಷ. ಕೆಲಸ ಅವನಿಗೆ ಸಿಗಲಿಲ್ಲ. ಕಡತದಲ್ಲಿ ಬರೆದ ಕಾರಣ ಅನುಭವದ ಕೊರತೆ. ಅದೂ ಸುಳ್ಳೇನಲ್ಲ.

ತಮಾಷೆ ಏನು ಗೊತ್ತಾ, ಆ ಹಕಾರವೇ ಕನ್ನಡದಲ್ಲಿ ಹಳೇ ಆಸಾಮಿಯಲ್ಲ. ಪಂಪನ ಕಾಲಕ್ಕೆ ಹೋಗಿ ಹಾಲು ಕೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆಗ ಅದು ಪಾಲ್. ಹುಲಿ ಪುಲಿ, ಹಗೆ ಪಗೆ, ಹೊಸತು ಪೊಸತು. ತಮಿಳಿನಲ್ಲಿ ಇವತ್ತಿಗೂ ಪಾಲ್, ತೆಲುಗಿನಲ್ಲಿ ಪಾಲು, ತುಳುವಿನಲ್ಲಿ ಹಕ್ಕಿಗೆ ಪಕ್ಕಿ. ಹತ್ತನೇ ಶತಮಾನದ ಸುಮಾರಿಗೆ ಕನ್ನಡದ ಬಾಯಿಗಳಲ್ಲಿ ಪದದ ಮೊದಲ ಪಕಾರ ಸಡಿಲವಾಗತೊಡಗಿತು. ತುಟಿ ಪೂರ್ತಿ ಮುಚ್ಚುವ ಶ್ರಮ ಬಿಟ್ಟರೆ ಉಳಿಯುವುದು ಉಸಿರು ಮಾತ್ರ. ಕೆಲವೇ ಶತಮಾನಗಳಲ್ಲಿ ಪಾಲು ಹಾಲಾಯಿತು. ಅಂದರೆ ಯಾವುದೋ ಅಗ್ರಹಾರದ ಮೇಷ್ಟ್ರೊಬ್ಬರು ಯಾವನೋ ಹುಡುಗನ ಕಿವಿ ಹಿಂಡಿ, "ಹಾಲಲ್ಲವೋ, ಪಾಲ್ ಅನ್ನು" ಎಂದಿರಲೇಬೇಕು. ಆ ಹುಡುಗ ಕಲಿಯಲಿಲ್ಲ. ಅವನು ಕಲಿಯದಿದ್ದದ್ದೇ ಇವತ್ತಿನ ಶುದ್ಧ ಕನ್ನಡ.

ಹದಿಮೂರನೇ ಶತಮಾನದ ಕೇಶಿರಾಜನದೂ ಇಂಥದೇ ಪಾಡು. ಆಗ ಕನ್ನಡದಲ್ಲಿ ೞ ಎಂಬ ಇನ್ನೊಂದು ಅಕ್ಷರ ಇತ್ತು, ಜನ ಅದನ್ನು ಸಾಧಾರಣ ಳಕಾರದ ಜೊತೆ ಬೆರೆಸಿ ಆಡುತ್ತಿದ್ದರು. ಶಬ್ದಮಣಿದರ್ಪಣದಲ್ಲಿ ಅವನು ೞ ಬರುವ ಪದಗಳನ್ನು ಪಟ್ಟಿ ಮಾಡಿಟ್ಟ. ಪಟ್ಟಿ ಮಾಡಬೇಕಾಗಿ ಬಂತು ಎಂದರೆ ಅರ್ಥವೇನು, ಕಿವಿಯಿಂದ ಆಗಲೇ ಹೋಗಿತ್ತು. ಈಗ ಆ ಅಕ್ಷರ ಎಂ.ಎ. ಹುಡುಗರ ನೋಟ್ಸಿನಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಅದು ಹೋದದ್ದಕ್ಕೆ ಯಾರೂ ಯಾರನ್ನೂ ನೋಡಿ ನಗುವುದಿಲ್ಲ, ಎಲ್ಲರ ಬಾಯಿಂದಲೂ ಹೋಗಿದೆಯಲ್ಲ.

ಪಕಾರ ಸಡಿಲವಾಗಿ ಹಕಾರ. ಹಕಾರವೂ ಸಡಿಲವಾದರೆ ಬರೀ ಸ್ವರ. ಇಳಿಜಾರು ಒಂದೇ, ನಾವು ಮಂಡ್ಯದವರು ಒಂದು ಮೆಟ್ಟಿಲು ಮುಂದೆ ಇದ್ದೇವೆ ಅಷ್ಟೇ! ಸ್ಪೇನಿನವರು ನಮ್ಮ ಮೆಟ್ಟಿಲಿನಲ್ಲೇ ಇದ್ದಾರೆ. ಲ್ಯಾಟಿನ್ನಿನ "ಫರೀನಾ" ಅಲ್ಲಿ ಮೊದಲು ಹಕಾರವಾಯಿತು, ಆಮೇಲೆ ಹಕಾರವೂ ಬಿದ್ದುಹೋಯಿತು. ಬರೆಯುವಾಗ ಈಗಲೂ ಹಕಾರ ಹಾಕಿ "ಹರೀನಾ" ಎಂದೇ ಬರೆಯುತ್ತಾರೆ, ಓದುವುದು "ಅರೀನಾ". ಅರ್ಥ ಹಿಟ್ಟು. ನಮ್ಮ ಕಡೆ ಮುದ್ದೆಗೆ ಹಿಟ್ಟು ಅಂತಲೇ ಹೆಸರು, ಕರೆಯುವುದು ಇಟ್ಟು. ಸ್ಪೇನಿನ ರಾಜನಿಂದ ಹಿಡಿದು ಯಾರೂ ಅಲ್ಲಿ ಆ ಹಕಾರ ಉಚ್ಚರಿಸುವುದಿಲ್ಲ, ಯಾವ ಮೇಷ್ಟ್ರೂ ಚೀಟಿ ಹಿಡಿದು ನಿಲ್ಲುವುದಿಲ್ಲ. ಎಲ್ಲರೂ ಇಟ್ಟನ್ನೇ ಉಣ್ಣುತ್ತಾರೆ.

ಈ ಪದಕ್ಕೆ ಕನ್ನಡದಲ್ಲಿ ಏನನ್ನಬಹುದು ಅಂತ ಒಂದಷ್ಟು ದಿನ ತಲೆ ಕೆರೆದುಕೊಂಡೆ. ಸಂಕೇತಪದ ಅಂದರೆ ಗುಟ್ಟಿನ ಮಾತಿನ ಹಾಗಾಗುತ್ತದೆ. ಇದರಲ್ಲಿ ಗುಟ್ಟೇನಿಲ್ಲ, ಎಲ್ಲರಿಗೂ ಗೊತ್ತಿರುವ ಪದವೇ. ಗುರುತುನುಡಿ ಪರವಾಗಿಲ್ಲ, ಆದರೆ ಗುರುತು ಹೇಳುವವನ ಬಾಯಲ್ಲಿದೆ ಎಂಬಂತೆ ಕೇಳಿಸುತ್ತದೆ. ಅದು ಇರುವುದು ಕೇಳುವವನ ಕಿವಿಯಲ್ಲಿ. ಕರಾವಳಿಯಲ್ಲಿ ಹೊಳೆ ದಾಟುವ ಜಾಗಕ್ಕೆ ಕಡವು ಅನ್ನುತ್ತಾರೆ. ಕಡವುನುಡಿ ಅಂತ ಬರೆದು, ಬಾಲ್ದಿಯ ಸಹೋದ್ಯೋಗಿಗೆ ತೋರಿಸಿದೆ. "ಚಂದ ಉಂಟು, ಆದ್ರೆ ನಿಮ್ಮ ಮಂಡ್ಯದವರಿಗೆ ಅರ್ಥ ಆಗ್ಲಿಕ್ಕಿಲ್ಲ ಮಾರಾಯ್ರೆ" ಅಂದರು. ಸದ್ಯಕ್ಕೆ ಶಿಬ್ಬೊಲೆತ್ ಎಂದೇ ಇಟ್ಟುಕೊಂಡಿದ್ದೇನೆ. ಯಾರಾದರೂ ಸಿಬ್ಬೊಲೆತ್ ಅಂದರೂ ನನ್ನ ಅಭ್ಯಂತರವಿಲ್ಲ.

ಹೋದ ದಸರಾ ರಜೆಯಲ್ಲಿ ಮಗಳನ್ನು ಕರೆದುಕೊಂಡು ಊರಿಗೆ ಹೋಗಿದ್ದೆ. ಅವಳಿಗೆ ಆರು ವರ್ಷ, ಬೆಂಗಳೂರಿನ ಇಂಗ್ಲಿಷ್ ಮೀಡಿಯಂ. ಮದ್ದೂರು ದಾಟುತ್ತಿದ್ದ ಹಾಗೆ ಕಂಡಕ್ಟರಿಗೆ "ಇಲ್ಲೇ ಇಳೀತೀವಿ ಅಂತ ಏಳಿದ್ನಲ್ಲ ಸಾರ್ ಆ ಅಜ್ಜ, ಅವರ್ನ ಎಬ್ಬುಸ್ರಿ" ಅಂತ ನನ್ನ ಬಾಯಿಂದ ಬಂದದ್ದನ್ನು ಮಗಳು ಗಮನಿಸಿದಳು. "ಅಪ್ಪ, ನೀನು ಊರಿಗೆ ಬಂದ್ರೆ ಬೇರೆ ಥರ ಮಾತಾಡ್ತೀಯ" ಅಂದಳು. ನಾನು ಕಿಟಕಿಯ ಆಚೆ ಕಬ್ಬಿನ ಗದ್ದೆ ತೋರಿಸಿದೆ.

ಮಾರನೇ ದಿನ ಬೆಳಿಗ್ಗೆ ಅವ್ವ ಡೈರಿಗೆ ಹಾಕಿ ಉಳಿದದ್ದನ್ನು ಕಾಯಿಸಿ, ಸ್ಟೀಲ್ ಲೋಟದಲ್ಲಿ ತಂದು ಮೊಮ್ಮಗಳ ಮುಂದೆ ಹಿಡಿದಳು.

"ತಕ್ಕವ್ವ, ಆಲು."

ಮಗಳು ಲೋಟದೊಳಗೆ ಇಣುಕಿ ನೋಡಿದಳು. "ಅಜ್ಜಿ, ಆಲೂ ಅಂದ್ರೆ ಪೊಟ್ಯಾಟೊ. ಇದು ಹಾಲು. ಹಾ. ಹಾ ಅನ್ನು." ಅಂದು ತೋರಿಸಲಿಕ್ಕೆ ಅಜ್ಜಿಯ ಮುಖಕ್ಕೆ ಬಾಯಿ ಹತ್ತಿರ ತಂದು ಉಸಿರು ಬಿಟ್ಟಳು. ಲೋಟದ ಮೇಲಿನ ಕೆನೆ ಸುಕ್ಕಾಯಿತು.

ಅವ್ವ ನನ್ನ ಕಡೆ ಒಮ್ಮೆ ನೋಡಿದಳು. ಬುಡ್ಡಿ ದೀಪ ನೆನಪಾಯಿತೋ ಏನೋ.

"ಆಲೂಗೆಡ್ಡೆ ಬ್ಯಾರೆ, ಆಲು ಬ್ಯಾರೆ ಕಣವ್ವ" ಅಂದಳು. "ಆರೋಯ್ತದೆ, ಕುಡಿ ಮೊದ್ಲು."